ಎರಡನೇ ಜ್ವರ ಎಷ್ಟು ದಿನ

ಇಲಾಖೆಯ ನಮೂನೆಯಲ್ಲಿ ಏಳು ಕಾಲಂ.
ವೇಗ. ಫಲಿತಾಂಶಗಳ ಸಂಖ್ಯೆ. ಜಾಹೀರಾತು ಉಂಟೋ ಇಲ್ಲವೋ.
ಮಕ್ಕಳು ನೋಡಬಾರದ್ದನ್ನು ತಡೆಯುತ್ತದೆಯೇ.
ಕನ್ನಡ ಬರುತ್ತದೆಯೇ, ಹೌದು ಅಥವಾ ಇಲ್ಲ.
ಶುಕ್ರವಾರದೊಳಗೆ ತುಂಬಿ ಕಳಿಸಬೇಕು.

ಶಿಡ್ಲಘಟ್ಟದ ಈ ಶಾಲೆಯಲ್ಲಿ ಕಂಪ್ಯೂಟರ್ ಐದು,
ಒತ್ತಿದರೆ ಏಳುವವು ಮೂರು.
ಮೂರಕ್ಕೂ ಒಂದೊಂದು ಹುಡುಕುಯಂತ್ರ ಹಚ್ಚಿ
ಒಂಬತ್ತನೇ ತರಗತಿಯನ್ನು ಮೂರು ಪಾಲು ಮಾಡಿ ಕೂರಿಸಿದೆ.
ಒಂದೇ ಪ್ರಶ್ನೆ, ಮೂರು ಕಡೆ ಕೇಳಿ, ಅಂದೆ.
ದ್ಯುತಿಸಂಶ್ಲೇಷಣೆ ಕೇಳಿದರು. ಮೂರೂ ಪಾಸು.
ಚಂದ್ರಗ್ರಹಣ. ಮೂರೂ ಪಾಸು.
ಎಲ್ಲ ಪುಸ್ತಕದಲ್ಲೇ ಇದ್ದ ಉತ್ತರ,
ಪುಸ್ತಕಕ್ಕಿಂತ ಸ್ವಲ್ಪ ಜೋರಾಗಿ.

ಆಮೇಲೆ ಹಂಡಿಗನಾಳದ ಮೌನಿಕ
ಒಂದೊಂದೇ ಅಕ್ಷರ ತಡಕಿ ಒತ್ತಿದಳು:
ಎರಡನೇ ಜ್ವರ ಎಷ್ಟು ದಿನ.

ಮೊದಲನೆಯದು ಡೆಂಗಿ ಅಂದಿತು.
ಎರಡನೆಯದು ಹತ್ತಿರದ ಆಸ್ಪತ್ರೆ ತೋರಿಸಿತು,
ರಕ್ತಪರೀಕ್ಷೆಗೆ ರಿಯಾಯಿತಿ ಕೊಟ್ಟಿತು.
ಮಕ್ಕಳು ಬೆಂಚು ಬಡಿದು ನಕ್ಕರು.
‘ಹುಳಕ್ಕೆ ಮಿಸ್, ಹುಳಕ್ಕೆ ಬರೋ ಜ್ವರ!
ಸೊಪ್ಪು ಬಿಟ್ಟು ತಲೆ ಎತ್ಕೊಂಡು ಮಲಗ್ತಾವಲ್ಲ, ಪೊರೆ ಬಿಡಕ್ಕೆ.’

ನಾನು ನಗಲಿಲ್ಲ.
ದಾವಣಗೆರೆಯಿಂದ ಬಂದ ಹೊಸತರಲ್ಲಿ ನಾನೇ
‘ಮನೇಲಿ ನಾಲ್ಕನೇ ಜ್ವರ’ ಎಂಬ ರಜೆ ಚೀಟಿ ಓದಿ
ನಾಲ್ಕು ಜನಕ್ಕೂ ಬೇಗ ಗುಣವಾಗಲಿ ಎಂದು
ಕೆಂಪು ಶಾಯಿಯಲ್ಲಿ ಬರೆದು ಕಳಿಸಿದ್ದೆ.

ಮಕ್ಕಳಿಗೆ ರುಚಿ ಹತ್ತಿತು.
ಚಂದ್ರಿಕೆ ಅಂದರೆ ಒಬ್ಬ ನಟಿ ಬಂದಳು, ಮದುವೆಯ ಉಡುಪಿನಲ್ಲಿ.
ಹಣ್ಣು ಹುಳ ಅಂದರೆ ಸೀಬೆಹಣ್ಣು ತೊಳೆಯುವ ವಿಧಾನ.
ಗೂಡು ಅಂದರೆ ಗೀಜಗ, ಗೀಜಗ, ಗೀಜಗ,
ಊರಿಡೀ ಗೂಡಿನ ಮೇಲೆ ಬದುಕುವಾಗ
ಪರದೆಯ ತುಂಬ ಹಕ್ಕಿ.

ಮೂರನೆಯದು ಮಾತ್ರ ಪ್ರತಿ ಸಲ
ಖಾಲಿ ಬಿಳಿ ಹಾಳೆ ಬಿಚ್ಚಿ, ಏನೂ ಸಿಗಲಿಲ್ಲ ಅಂದಿತು.
‘ಲೇದಂತೆ ಮಿಸ್,’ ಎಂದು ಬೈರೇಶ ಕೈ ತಿರುಗಿಸಿದ.

ಕೊನೇ ಬೆಂಚಿನ ಮುಬೀನಾ ತಾಜ್
ನೂಲು ಬಿಚ್ಚುವವರ ಮಗಳು, ಮಾತು ಕಡಿಮೆ.
‘ಮಾರ್ಕೆಟ್ಟಲ್ಲಿ ಅಬ್ಬಾ ಗೂಡನ್ನ ಕಿವಿ ಹತ್ರ ಹಿಡಿದು ಅಲ್ಲಾಡಿಸ್ತಾರೆ.
ಸದ್ದು ಬಂದ್ರೆ ಒಳಗೆ ಸರಿಯಾಗೈತೆ.
ಬರ್ಲಿಲ್ಲ ಅಂದ್ರೆ ಹುಳ ಕರಗೈತೆ.
ಹೊರಗಡೆ ಎರಡೂ ಬೆಳ್ಳಗೇ ಇರ್ತಾವೆ ಮಿಸ್.’

ಸರಿ, ಇದನ್ನ ಹೇಗೆ ಅಲ್ಲಾಡಿಸೋದು? ಎಂದೆ.
ಯಂತ್ರವನ್ನಲ್ಲ, ನನ್ನನ್ನೇ ನೋಡುತ್ತ ಹೇಳಿದಳು:
‘ನಮಗೆ ಗೊತ್ತಿರೋದನ್ನೇ ಕೇಳ್ಬೇಕು.’

ಹತ್ತಕ್ಕೆ ಎಷ್ಟು ಎಂದು ಬರೆಸಿದೆ.
ಬೈರೇಶ ಮೂರನೆಯದಕ್ಕೆ ಹತ್ತಕ್ಕೆ ಹತ್ತು:
‘ಸುಳ್ಳು ಹೇಳ್ಲಿಲ್ಲ ಮಿಸ್, ಅದಕ್ಕೆ.’
ಮೌನಿಕ ತಿರುಗಿಬಿದ್ದಳು.
‘ಗೊತ್ತಿಲ್ಲ ಅಂದ್ರೆ ನಮಗೆ ಸೊನ್ನೆ. ಅದಕ್ಕೆ ಹತ್ತಾ?’

ಉತ್ತರ ಪತ್ರಿಕೆಗಳ ಕಟ್ಟು ಮೇಜಿನ ಮೇಲೇ ಇತ್ತು.
ಖಾಲಿ ಬಿಟ್ಟ ಜಾಗಕ್ಕೆಲ್ಲ
ನಾನು ಸುತ್ತಿದ ಸೊನ್ನೆಗಳು,
ಏನಾದರೂ ಗೀಚಿದವರಿಗೆ ಕೊಟ್ಟ ಅರ್ಧ ಅಂಕಗಳು.
ಗಂಟೆ ಹೊಡೆಯಿತು. ಬದುಕಿಕೊಂಡೆ.

ಶುಕ್ರವಾರ ನಮೂನೆ ಮುಗಿಸಲು ಒಬ್ಬಳೇ ಕೂತೆ.
ಎರಡನೇ ಕಂಪ್ಯೂಟರ್ ತೆರೆದರೆ
ಬದಿಯಲ್ಲಿ ಜ್ವರದ ಮಾತ್ರೆ, ಮೇಲೆ ಥರ್ಮಾಮೀಟರ್,
ಕೆಳಗೆ ಕುಟುಂಬಕ್ಕೆಲ್ಲ ಒಂದೇ ವಿಮೆ.
ಮೂರು ದಿನದಿಂದ ಅದು
ನಮ್ಮ ಕಾಹಿಲೆಯನ್ನು ಮರೆತಿರಲಿಲ್ಲ.

ವೇಗ: ಉತ್ತಮ.
ಫಲಿತಾಂಶಗಳು: ನಾಲ್ಕು ಲಕ್ಷ.
ಕನ್ನಡ ಬರುತ್ತದೆಯೇ?
ಪೆನ್ನು ಎತ್ತಿದವಳು ಹಾಗೇ ಕೂತೆ.
ಹೌದು ಎಂದು ಗುರುತು ಹಾಕಿ, ಹೊಡೆದು ಹಾಕಿ,
ಷರಾ ಕಾಲಮ್ಮಿನಲ್ಲಿ ಬರೆದೆ:
ಎರಡನೇ ಜ್ವರ ಒಂದು ದಿನ.
ಮೌನಿಕಳ ಅಜ್ಜಿಯ ಪ್ರಕಾರ, ಚಳಿ ಇದ್ದರೆ ಒಂದೂವರೆ.